ಸಿಂಕಿಗೆ ಸುರಿದ ಔಷಧಿ

ದೊಡ್ಡ ಕೇಸಿದ್ದರೆ ನಮ್ಮ ಯಜಮಾನರು ಹಿಂದಿನ ದಿನ ಊಟದ ಮೇಜಿನ ಮುಂದೆ ನಿಂತು ವಾದಿಸಿ ನೋಡುತ್ತಾರೆ. ಅವರು ದೇಶದ ಅಟಾರ್ನಿ ಜನರಲ್. ಸರ್ಕಾರಕ್ಕೆ ಕಾನೂನು ಹೇಳುವುದೂ ಅವರೇ, ಕೋರ್ಟಿನಲ್ಲಿ ಸರ್ಕಾರದ ಬಾಯಿಯಾಗುವುದೂ ಅವರೇ. ನನ್ನ ಕಪ್ಪು ಶಾಲು ಹೊದ್ದು ಎದುರು ಕುಳಿತರೆ ನಮ್ಮ ಮಗಳು ಜಡ್ಜಮ್ಮ. ಹುರುಳಿಕಾಯಿಯ ನಾರು ತೆಗೆಯುತ್ತಾ ಕೂರುವ ನಾನು ಸಾರ್ವಜನಿಕರು.

ಆ ಭಾನುವಾರದ ಕೇಸು ಕೆಮ್ಮಿನ ಔಷಧಿಯದು, ಮಕ್ಕಳನ್ನು ಕಳೆದುಕೊಂಡವರು ಸರ್ಕಾರದ ಮೇಲೆ ಹಾಕಿದ್ದು. ಸರ್ಕಾರವೇ ಪರೀಕ್ಷಿಸಿ ಮಾರಲು ಬಿಟ್ಟ ಸಿರಪ್ ಕುಡಿದು ಮಕ್ಕಳು ಸತ್ತಿದ್ದವು. ಬೀದಿ ತುದಿಯ ಟೈಲರಮ್ಮನ ಮಗುವೂ ಅವುಗಳಲ್ಲೊಂದು. ಅವಳು ಹೊಲಿಯುವಾಗ ಮಿಷನ್ನಿನ ಕೆಳಗೆ ಬಟ್ಟೆಚೂರು ಗುಡ್ಡೆ ಹಾಕಿಕೊಂಡು ಆಡುತ್ತಿದ್ದ ಮಗು.

ಮೊದಲ ಮಗು ಸಾಯುವವರೆಗೂ ಸರ್ಕಾರಕ್ಕೆ ಸುಳಿವೇ ಇರಲಿಲ್ಲ, ಗೊತ್ತಿಲ್ಲದ್ದನ್ನು ತಡೆಯುವುದು ಹೇಗೆ ಎಂಬುದು ಯಜಮಾನರ ವಾದ. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿದರು.

"ಅಪ್ಪಾ, ನೀನು ಸಿಂಕಿಗೆ ಸುರಿದ್ಯಲ್ಲ, ಅದೇ ಔಷಧೀನಾ?" ಎಂದಳು ಜಡ್ಜಮ್ಮ.

ನನ್ನ ಕೈ ನಿಂತಿತು. ಚಳಿ ಶುರುವಾದಾಗ ಮಗಳಿಗೆ ಕೆಮ್ಮಿತ್ತು. ಆಫೀಸಿನಿಂದ ಬಂದ ಯಜಮಾನರು ಶೂ ಕೂಡ ಬಿಚ್ಚದೆ ಅಡುಗೆಮನೆಗೆ ನುಗ್ಗಿ, ಅವಳ ಬಾಯಿಯ ಹತ್ತಿರವಿದ್ದ ಚಮಚ ಕಿತ್ತುಕೊಂಡು, ಬಾಟಲಿ ಪೂರ್ತಿ ಸುರಿದು ನಲ್ಲಿ ಬಿಟ್ಟಿದ್ದರು. ಹಳೇ ಸ್ಟಾಕು ಎಂದಿದ್ದರು. ಮುಂದೆ ಮಕ್ಕಳು ಒಂದೊಂದಾಗಿ ಸಾಯತೊಡಗಿದಾಗ, ನಮ್ಮ ಅದೃಷ್ಟ ದೊಡ್ಡದು ಎಂದುಕೊಂಡಿದ್ದೆ.

ಮಗಳನ್ನು ಆಡಲು ಕಳಿಸಿ, ಬಾಗಿಲು ಹಾಕಿ ಅವರನ್ನು ಕೇಳಿದೆ. ಸಿರಪ್ಪಿನಲ್ಲಿ ವಿಷವಿದೆ ಎಂಬ ಲ್ಯಾಬಿನ ವರದಿ, ಬಾಟಲಿ ಸುರಿದ ಆವತ್ತೇ ಬಂದಿತ್ತಂತೆ. ಔಷಧಿ ವಾಪಸ್ ತರಿಸಿ ಎಂದು ಮಂತ್ರಿಗೆ ಇವರೇ ಸಲಹೆ ಕೊಟ್ಟಿದ್ದರಂತೆ. ಮಂತ್ರಿ ಕೇಳಲಿಲ್ಲವಂತೆ. ಕೊಟ್ಟ ಸಲಹೆಯನ್ನು ಹೊರಗೆ ಹೇಳುವಂತಿಲ್ಲವಂತೆ. ಒಂದೊಂದು 'ಅಂತೆ'ಗೂ ನನ್ನ ಮೈ ಉರಿಯಿತು.

"ಹೇಳೋ ಹಾಗಿಲ್ಲ ಅಂದ್ರೆ ಬಾಯಿ ಮುಚ್ಕೊಂಡಿರಿ. ಗೊತ್ತಿರ್ಲಿಲ್ಲ ಅಂತ ಯಾಕೆ ಹೇಳ್ತೀರಿ? ಕೆಲಸ ಬಿಡಿ."

"ನಾನು ಬಿಟ್ರೆ ಇನ್ನೊಬ್ಬ ಬಂದು ಇದನ್ನೇ ಹೇಳ್ತಾನೆ ಕಣೇ."

"ಹೇಳ್ಲಿ. ಅವನು ನನ್ನ ಸಿಂಕಿಗೆ ಬಾಟಲಿ ಸುರಿದಿಲ್ಲ."

ಅವರು ಫೈಲು ಎತ್ತಿಕೊಂಡು ಒಳಗೆ ಹೋದರು. ಅಂದು ಹುರುಳಿಕಾಯಿ ತಳ ಹತ್ತಿತು. ಹಾಗೇ ಬಡಿಸಿದೆ.

ಮರುದಿನ ಮಗಳನ್ನು ಶಾಲೆಗೆ ಬಿಟ್ಟು ನೇರ ಕೋರ್ಟಿಗೆ ಹೋದೆ. ಟೈಲರಮ್ಮ ಹಿಂದಿನ ಬೆಂಚಿನಲ್ಲಿದ್ದಳು. ನಾನು ಯಾರ ಹೆಂಡತಿ ಎಂದು ಗೊತ್ತಿದ್ದೂ ಸರಿದು ಜಾಗ ಕೊಟ್ಟಳು. ಸರ್ಕಾರಕ್ಕೆ ವಿಷಯ ತಿಳಿದದ್ದು ಯಾವಾಗ ಎಂದು ನ್ಯಾಯಾಧೀಶರು ಕೇಳಿದರು. ಎದ್ದು ನಿಂತ ಯಜಮಾನರ ಕಣ್ಣು ನನ್ನ ಮೇಲೆ ಬಿತ್ತು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಸರ್ಕಾರವನ್ನು ಕೇಳಿ ತಿಳಿಸಬೇಕು, ಕಾಲಾವಕಾಶ ಬೇಕು ಎಂದರು. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಅದೇ ಬೆಣ್ಣೆಯಂಥ ದನಿ.

"ಏನಂದ್ರಮ್ಮ ನಿಮ್ಮನೆಯವ್ರು? ನಂಗೆ ಕೇಳಿಸ್ಲಿಲ್ಲ," ಎಂದಳು ಟೈಲರಮ್ಮ.

"ಟೈಮ್ ಬೇಕಂತೆ. ನಿಮ್ಮ ವಕೀಲರನ್ನ ಕರೀರಿ. ನಂಗೇನೂ ಟೈಮ್ ಬೇಡ."

ವರಾಂಡದಲ್ಲಿ ಅವಳ ಕೈ ಹಿಡಿದುಕೊಂಡು, ವಕೀಲರ ಮುಂದೆ, ಯಜಮಾನರು ಶೂ ಬಿಚ್ಚದೆ ಅಡುಗೆಮನೆಗೆ ನುಗ್ಗಿದ ಸಂಜೆಯಿಂದ ಶುರುಮಾಡಿದೆ.