ಬಲಗೆನ್ನೆ

ಕ್ರೀಮಿನ ಕಂಪನಿಯಲ್ಲಿ ಅವಳಿಗೆ ಅಡ್ಡಗಾಲಮ್ಮ ಎಂದು ಹೆಸರಿಟ್ಟಿದ್ದರು. ಡಬ್ಬಿಯ ಮೇಲೆ ಅಚ್ಚಾಗುವ ಪ್ರತಿ ಮಾತಿಗೂ ಪುರಾವೆ ಇದೆಯೇ ಎಂದು ನೋಡಿ ಸಹಿ ಹಾಕುವುದು ಅವಳ ಕೆಲಸ. ಈ ಸಲ ಬಂದದ್ದು ಪೆಪ್ಟೈಡ್ ಎಂಬ ಪ್ರೋಟೀನಿನ ತುಣುಕು ಬೆರೆಸಿದ ಕ್ರೀಮು, ಸುಕ್ಕು ಇಳಿಸುತ್ತದಂತೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅದು ಕೆಲಸ ಮಾಡಿದ್ದು ನಿಜ. ಮುಖದ ಚರ್ಮ ದಾಟಿ ಒಳಗಿಳಿಯುತ್ತದೆಯೇ? ಅದನ್ನು ಯಾರೂ ನೋಡಿರಲಿಲ್ಲ. ಅವಳು ಹಟ ಹಿಡಿದು ಪರೀಕ್ಷೆ ಮಾಡಿಸಿದಳು. ಎಡಗೆನ್ನೆಗೆ ಪೆಪ್ಟೈಡ್ ಕ್ರೀಮು, ಬಲಗೆನ್ನೆಗೆ ಪೆಪ್ಟೈಡ್ ಇಲ್ಲದ ಅದೇ ಕ್ರೀಮು. ಯಾವುದರಲ್ಲಿ ಏನಿದೆಯೆಂದು ಹಚ್ಚಿಕೊಳ್ಳುವವರಿಗೆ ಹೇಳುವಂತಿರಲಿಲ್ಲ.

ಎರಡೂ ಕೆನ್ನೆಗಳ ಸುಕ್ಕು ಒಂದೇ ಸಮ ಇಳಿದಿತ್ತು. ಬರೀ ಕ್ರೀಮಿನ ತೇವಕ್ಕೇ ಚರ್ಮ ತುಂಬಿಕೊಳ್ಳುತ್ತದೆ, ಪೆಪ್ಟೈಡಿನ ಹೆಸರು ಹೇಳುವಂತಿಲ್ಲ ಎಂದು ಬರೆದುಕೊಟ್ಟಳು. ಮ್ಯಾನೇಜರ್ ಮುಖ ಗಂಟು ಹಾಕಿಕೊಂಡರು.

ಆ ಸಂಜೆ ಅಕ್ಕನ ಮನೆಗೆ ಹೋದಳು. ಪರೀಕ್ಷೆಗೆ ಜನ ಸಾಲದಾದಾಗ ಅಕ್ಕನನ್ನೂ ಸೇರಿಸಿದ್ದವಳು ಅವಳೇ. ಅಕ್ಕ ಬಟ್ಟೆ ಮಡಚುತ್ತಾ ಮಾತಿನ ನಡುವೆ ಹೇಳಿದಳು: ಎಡದ ಡಬ್ಬಿಯ ವಾಸನೆಯೇ ಬೇರೆ, ಮದ್ದು ಅದರಲ್ಲೇ ಇರುವುದೆಂದು ಕಾಯುವ ಕೋಣೆಯಲ್ಲಿ ಹೆಂಗಸರೆಲ್ಲ ಮಾತಾಡಿಕೊಂಡರಂತೆ.

"ಅದಕ್ಕೇ ಬೆರಳಲ್ಲಿ ಉಳಿದಿದ್ದನ್ನ ಬಲಗಡೇಗೂ ಸವರ್ತಿದ್ವಿ ಕಣೇ. ಒಂದು ಕೆನ್ನೆ ಹುಡುಗೀದು, ಇನ್ನೊಂದು ಅಜ್ಜೀದು ಆಗಿಬಿಟ್ರೆ ಬೀದೀಲಿ ಹೇಗೆ ಓಡಾಡೋದು?"

ಅವಳಿಗೆ ನಗು ಬರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವಳ ವರದಿ ಹಾಗೇ ಉಳಿಯುತ್ತದೆ. ಹೇಳಿದರೆ ಮ್ಯಾನೇಜರ್ ಕುಣಿದಾಡುತ್ತಾರೆ. ಪುರಾವೆ ತನ್ನ ಕಡೆ ವಾಲಿದೆಯೆಂದು ಸುಮ್ಮನಿರುವುದಾದರೆ ಇಷ್ಟು ವರ್ಷ ಎಲ್ಲರಿಗೂ ಅಡ್ಡಗಾಲು ಹಾಕಿದ್ದು ಯಾವ ಸಂಪತ್ತಿಗೆ?

ಬೆಳಿಗ್ಗೆ ಹೇಳಿಯೇಬಿಟ್ಟಳು. ಪರೀಕ್ಷೆ ಕೆಟ್ಟಿದೆ, ಇದರಿಂದ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು, ಮತ್ತೆ ಮಾಡಬೇಕು ಎಂದಳು. ಮ್ಯಾನೇಜರ್ ಕಿವಿಗೆ ಹೋದದ್ದು ಅರ್ಧ ಮಾತ್ರ.

"ಅಂದ್ರೆ ಎರಡೂ ಕೆನ್ನೆಗೆ ಪೆಪ್ಟೈಡ್ ಬಿದ್ದಿದೆ, ಎರಡೂ ಸುಧಾರಿಸಿವೆ. ಇನ್ನೇನಮ್ಮ ಬೇಕು ನಿಮಗೆ?"

ಅವಳು ಸಹಿ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮೇಜಿನವನು ಹಾಕಿಕೊಟ್ಟ.

ಕೆಲಸ ಮುಗಿಸಿ ಹೊರಡುವಾಗ ಅಕ್ಕನ ಫೋನು ಬಂತು. ಜಾಹೀರಾತಿಗೆ ಅಕ್ಕನ ಮುಖವನ್ನೇ ಆರಿಸಿದ್ದಾರಂತೆ. ಭಾವ ತೀರಿಕೊಂಡ ಮೇಲೆ ಅಕ್ಕನ ದನಿಯಲ್ಲಿ ಇಂಥ ಲವಲವಿಕೆ ಅವಳು ಕೇಳಿರಲಿಲ್ಲ.

"ಅದು ನಿಜವಾಗ್ಲೂ ಕೆಲಸ ಮಾಡಿದೆ ತಾನೇ? ನಿಂಗೆ ಗೊತ್ತಿರುತ್ತಲ್ಲ."

ಹೂಂ ಎಂದರೆ ಮುಗಿದುಹೋಗುತ್ತಿತ್ತು.

"ಗೊತ್ತಿಲ್ಲ, ಅಕ್ಕ."

"ನಂಗೊಂದು ಒಳ್ಳೇದಾದ್ರೆ ಮಾತ್ರ ನಿಂಗೆ ಗೊತ್ತಾಗಲ್ಲ, ಬಿಡು" ಎಂದು ಅಕ್ಕ ಫೋನಿಟ್ಟಳು.