ಮಾಲತೇಶಣ್ಣನ ಒಣ ಹೆಬ್ಬೆಟ್ಟು

ಮಳೆಗಾಲದಲ್ಲಿ ಬೆಂಗೇರಿಯ ನಮ್ಮ ಓಣಿಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಫ್ರೀ ಶೋ ಇರುತ್ತಿತ್ತು. ಹೀರೋ ಎದುರು ಮನೆಯ ಮಾಲತೇಶಣ್ಣ. ಮೇಕಪ್ಪು ಅವನ ಅವ್ವ ಶಿವಲಿಂಗವ್ವ. ನಾನು, ಅಂದರೆ ಶಂಭುಲಿಂಗ, ಮೊದಲ ಸಾಲಿನ ಪ್ರೇಕ್ಷಕ.

ಮೊದಲು ಎದೆಗೆ ಹಳೆಯ ಪೇಪರು, ನಾಲ್ಕು ಮಡಿಕೆ. ಥಂಡಿ ಗಾಳಿ ಪೇಪರು ದಾಟುವುದಿಲ್ಲವಂತೆ. ಅದರ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಜರ್ಕಿನ್ನು, ಜರ್ಕಿನ್ನಿನ ಮೇಲೆ ರೇನ್‌ಕೋಟು. ಕಾಲಿಗೆ ಸಾಕ್ಸು, ಸಾಕ್ಸಿನ ಮೇಲೆ ಕ್ಯಾರಿಬ್ಯಾಗು, ಆಮೇಲೆ ಬೂಟು. ಕಿವಿಗೆ ಮಫ್ಲರು ಸುತ್ತಿ ಹೆಲ್ಮೆಟ್ಟು ಹಾಕಿದ ಮೇಲೆ ಅವನ ಮುಂದೆ ಪಟಾಕಿ ಹೊಡೆದರೂ ಕೇಳುತ್ತಿರಲಿಲ್ಲ.

"ಅಣ್ಣಾ, ಚಂದ್ರಲೋಕಕ್ಕ ಹೊಂಟಿಯೋ ಧಾರವಾಡಕ್ಕ ಹೊಂಟಿಯೋ?" ಎಂದು ನಾನು ದಿನಾ ಕೇಳುತ್ತಿದ್ದೆ.

"ನಗು ಮಗನ, ನಗು. ನಿನಗ ನಗಿ, ನನಗ ಹೊಟ್ಟಿ."

ಇಷ್ಟೆಲ್ಲ ಟ್ರೈಲರು ಮಾತ್ರ. ನಿಜವಾದ ಸಿನಿಮಾ ಅವನ ಬಲಗೈ ಹೆಬ್ಬೆಟ್ಟು.

ಮಾಲತೇಶಣ್ಣ ಆರು ವರ್ಷ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದವನು. ಅಲ್ಲಿ ಅವನ ಬೆರಳುಗಳ ಗೆರೆ ಸವೆದುಹೋಗಿದ್ದವು. ಈಗ ಧಾರವಾಡದ ಒಂದು ಕಚೇರಿಯಲ್ಲಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಗುತ್ತಿಗೆ ಕೆಲಸ. ಬಾಗಿಲಲ್ಲಿ ಹಾಜರಿ ಯಂತ್ರ. ಬೆರಳು ಒತ್ತಿದರೆ ಹಾಜರು, ಇಲ್ಲದಿದ್ದರೆ ಗೈರು. ಅವನ ಹತ್ತು ಬೆರಳುಗಳಲ್ಲಿ ಆ ಯಂತ್ರ ಒಪ್ಪಿಕೊಂಡದ್ದು ಬಲ ಹೆಬ್ಬೆಟ್ಟು ಒಂದನ್ನೇ. ಅದೂ ಒಣಗಿರಬೇಕು. ಮಳೆಯಲ್ಲಿ ನೆನೆದು ಮುದುಡಿದರೆ ಯಂತ್ರದೊಳಗಿನ ಹೆಂಗಸು, "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ" ಅನ್ನುತ್ತಿದ್ದಳು. ಹತ್ತು ಗಂಟೆ ದಾಟಿದರೆ ಅದನ್ನೂ ಅನ್ನುತ್ತಿರಲಿಲ್ಲ. ಜೂನ್‌ನಲ್ಲಿ ಹೀಗೆ ಎರಡು ಗೈರು ಬಿದ್ದಿದ್ದವು. ಮೂರನೆಯದು ಬಿದ್ದರೆ ಕೆಲಸ ಹೋಯಿತು. ಕಾಗದದಲ್ಲೇ ಹಾಗೆ ಬರೆದು ಸಹಿ ಹಾಕಿಸಿಕೊಂಡಿದ್ದರು.

ಅದಕ್ಕೇ ಶಿವಲಿಂಗವ್ವ ಎಣ್ಣೆಯ ಪಾಕೀಟು ಕತ್ತರಿಸಿ, ತೊಳೆದು, ಒಣಗಿಸಿ, ಮೇಣದಬತ್ತಿಯಿಂದ ಅಂಚು ಅಂಟಿಸಿ ಆ ಹೆಬ್ಬೆಟ್ಟಿಗೊಂದು ಟೊಪ್ಪಿಗೆ ಮಾಡುತ್ತಿದ್ದಳು. ಬೆರಳಿಗೆ ಅರಳೆ, ಅರಳೆಯ ಮೇಲೆ ಟೊಪ್ಪಿಗೆ, ಅದರ ಮೇಲೆ ಉಣ್ಣೆಯ ಕೈಗವಸು, ಎಲ್ಲದರ ಮೇಲೆ ಒಂದು ಲೀಟರಿನ ಹಾಲಿನ ಪಾಕೀಟು, ಮಣಿಕಟ್ಟಿಗೆ ಎರಡು ರಬ್ಬರ್ ಬ್ಯಾಂಡು. ಅವಳ ಬಲಗಣ್ಣಿಗೆ ಪೊರೆ ಬಂದಿತ್ತು. ಆದರೂ ಆ ಟೊಪ್ಪಿಗೆಯನ್ನು ಬೆಳಕಿಗೆ ಹಿಡಿದು ಎಡಗಣ್ಣಿಂದ ತಿರುಗಿಸಿ ತಿರುಗಿಸಿ ನೋಡಿಯೇ ತೊಡಿಸುವಳು.

ನಾನು ದಿನಾ ಅವನ ಬೈಕಿನ ಹಿಂದಿನ ಸೀಟಿನಲ್ಲಿ ಧಾರವಾಡಕ್ಕೆ ಹೋಗುತ್ತಿದ್ದೆ. ಮನೆಯಲ್ಲಿ ಹೇಳಿದ್ದು ಕಂಪ್ಯೂಟರ್ ಕ್ಲಾಸು. ಹೋಗುತ್ತಿದ್ದದ್ದು ಚಹಾದ ಅಂಗಡಿಗೆ. ಮಾಲತೇಶಣ್ಣನ ಬೆನ್ನಿನಷ್ಟು ಒಳ್ಳೆಯ ರೇನ್‌ಕೋಟು ದುರ್ಗದಬೈಲಿನ ಪೇಟೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಕೈ ಎರಡನ್ನೂ ಅವನ ಕೋಟಿನ ಜೇಬಿಗೆ ತುರುಕಿ, ತಲೆ ತಗ್ಗಿಸಿ ಕುಳಿತರೆ ಮುಗಿಯಿತು. ಮಳೆಯೆಲ್ಲ ಅವನಿಗೆ, ಬಿಸಿಯೆಲ್ಲ ನನಗೆ.

ಅವನ ಪ್ಯಾಕಿಂಗಿನ ವಿಡಿಯೋ ಮಾಡಿ ನಾನು ಹಾಕಿದ ರೀಲುಗಳಿಗೆ ಆರಂಭದಲ್ಲಿ ಒಳ್ಳೆಯ ಓಪನಿಂಗ್ ಬಂದಿತ್ತು. ಜುಲೈ ಹೊತ್ತಿಗೆ ಜನಕ್ಕೆ ಬೇಸರವಾಯಿತು. "ಲೇ ಶಂಭ್ಯಾ, ಬರೇ ಡ್ರೆಸ್ ಹಾಕ್ಕೊಳ್ಳೂದ ಎಷ್ಟ್ ತೋರಸ್ತಿ? ಟ್ವಿಸ್ಟ್ ಎಲ್ಲೈತಿ?" ಎಂದ ಗೆಳೆಯ ಮುಜಾಫರ.

ಟ್ವಿಸ್ಟ್ ಬೇಕಲ್ಲವೇ? ನನ್ನ ಜೇಬಿನಲ್ಲಿ ಒಂದು ಸೇಫ್ಟಿ ಪಿನ್ನು ಇತ್ತು.

ಲೆಕ್ಕ ಹಾಕಿಯೇ ಮಾಡಿದ್ದು. ನಾವು ತಲುಪುವುದು ಒಂಬತ್ತೂ ನಲವತ್ತಕ್ಕೆ. ಒದ್ದೆಯಾದ ಬೆರಳು ಒರೆಸಿ, ಊದಿ, ಸರಿಯಾಗಲು ಹದಿನೈದು ನಿಮಿಷ ಸಾಕು. ಅಷ್ಟರಲ್ಲಿ ಯಂತ್ರದ ಹೆಂಗಸು ನಾಲ್ಕೈದು ಸಲ ಅವನನ್ನು ಒಲ್ಲೆ ಅನ್ನುತ್ತಾಳೆ. ಅವನ ಮುಖ, ಅವಳ ದನಿ, ನನ್ನ ಕ್ಯಾಮೆರಾ. ಹತ್ತಕ್ಕೆ ಐದು ನಿಮಿಷ ಇರುವಾಗ ಹೂಂ ಅನ್ನುತ್ತಾಳೆ. ಶುಭಂ.

ಆ ಮಂಗಳವಾರ ಶಿವಲಿಂಗವ್ವ ಟೊಪ್ಪಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಶಂಭೂ, ಇದನ್ನೊಂಚೂರು ಹಿಡಿಯಪಾ, ಅರಳಿ ತರ್ತೇನಿ" ಎಂದು ನನ್ನ ಕೈಗೆ ಕೊಟ್ಟಳು. ಅವಳು ತಿರುಗಿದಾಗ ನಾಲ್ಕು ಸಲ ಚುಚ್ಚಿದೆ. ಆಮೇಲೆ ರಬ್ಬರ್ ಬ್ಯಾಂಡು ಸರಿಮಾಡುವ ನೆಪದಲ್ಲಿ ಹಾಲಿನ ಪಾಕೀಟಿಗೂ ನಾಲ್ಕು.

"ಬಿಗಿ ಆತೇನಣ್ಣಾ?"

"ಛಲೋ ಆಗೈತಿ. ನೀ ಇದ್ದಿ ಅಂತ ಅವ್ವಗೂ ಹಗರ ಆಗ್ತೈತಿ ನೋಡು."

ಹೊರಟೆವು. ಉಣಕಲ್ ಕೆರೆಯ ಮೇಲಿಂದ ಬಂದ ಗಾಳಿಗೆ ನನ್ನ ಹಲ್ಲು ಕಟಕಟ ಅಂದವು. ಮಳೆ ಜೋರಿರಲಿಲ್ಲ, ಜಿಟಿಜಿಟಿ. ಜೋರು ಮಳೆ ಬಂದರೆ ಎಲ್ಲಾದರೂ ನಿಲ್ಲುತ್ತೇವೆ. ಈ ಜಿಟಿಜಿಟಿ ನಿಲ್ಲಿಸದೆ ಒಳಗೆ ಇಳಿಯುತ್ತದೆ. ಬೈರಿದೇವರಕೊಪ್ಪದ ಸಿಗ್ನಲ್ಲಿನಲ್ಲಿ ಮಾಲತೇಶಣ್ಣ ಹೆಲ್ಮೆಟ್ಟಿನ ಗಾಜು ಎತ್ತಿದ.

"ಶಂಭ್ಯಾ, ಬೆರಳ ಥಣ್ಣಗ ಆಗಾಕತ್ತೈತಲೇ."

"ಥಂಡಿ ಐತಿ ಅಣ್ಣಾ, ಥಣ್ಣಗ ಆಗದ ಬೆಚ್ಚಗ ಆಗ್ತೈತೇನು?"

"ಹಂಗಲ್ಲೋ. ಒಳಗ ಹಸಿ ಆದಂಗ ಅನಸಾಕತ್ತೈತಿ. ಬಿಚ್ಚಿ ನೋಡ್ಲ್ಯಾ?"

"ಹುಚ್ಚದಿಯೇನು? ಬಿಚ್ಚಿದ್ರ ಇದ್ದ ಮಳಿ ಎಲ್ಲಾ ಒಳಗ ಹೊಕ್ಕೈತಿ. ನಿನ್ನ ಹೆಬ್ಬೆಟ್ಟಿಗೆ ನಾ ಗ್ಯಾರಂಟಿ. ಈ ಶಂಭು ಹಿಂದ ಕುಂತಾನ ಅಂದ್ರ ಮಳಿನೂ ಪರ್ಮಿಷನ್ ಕೇಳಿ ಬೀಳಬೇಕು!"

ಅವನು ನಕ್ಕ. ಅವನ ಬೆನ್ನು ಅಲುಗಿದ್ದು ನನ್ನ ಕೆನ್ನೆಗೆ ತಿಳಿಯಿತು. ಗಾಜು ಇಳಿಸಿ ಗೇರು ಹಾಕಿದ.

ಸತ್ತೂರು ದಾಟಿದ ಮೇಲೆ ರಸ್ತೆಗೆ ಅಡ್ಡವಾಗಿ ಒಂದು ಗುಲ್‌ಮೊಹರ್ ಮರ ಬಿದ್ದಿತ್ತು. ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಇದು ನನ್ನ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಮಾಲತೇಶಣ್ಣ ಗಡಿಯಾರ ನೋಡುವುದು, ಮರ ನೋಡುವುದು. ಆಗಲೇ ಹೇಳಿದ್ದರೆ ಅಲ್ಲೇ ಬಿಚ್ಚಿ, ನನ್ನ ಬೆಚ್ಚಗಿನ ಅಂಗೈಯಲ್ಲಿ ಬೆರಳು ಹಿಡಿದು ಒಣಗಿಸಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಅವನು ಕಪಾಳಕ್ಕೆ ಹೊಡೆದರೆ? ಅದಕ್ಕಿಂತ, ರೀಲು ಹೋದರೆ? ಬಾಯಿ ಮುಚ್ಚಿದೆ.

ಕಚೇರಿ ಮುಟ್ಟಿದಾಗ ಒಂಬತ್ತೂ ಐವತ್ತೆರಡು.

ಮಾಲತೇಶಣ್ಣ ಬೈಕು ನಿಲ್ಲಿಸಿ, ಹಲ್ಲಿನಿಂದ ರಬ್ಬರ್ ಬ್ಯಾಂಡು ಎಳೆದ. ಹಾಲಿನ ಪಾಕೀಟಿನಿಂದ ನೀರು ಸುರಿಯಿತು. ಕೈಗವಸು ಹಿಂಡುವಂತಿತ್ತು. ಅರಳೆ ಗಂಜಿಯಾಗಿತ್ತು. ಅದರೊಳಗೆ ಹೆಬ್ಬೆಟ್ಟು ಬೆಳ್ಳಗೆ, ಸುಕ್ಕುಸುಕ್ಕಾಗಿ, ರಾತ್ರಿಯಿಡೀ ನೆನೆಹಾಕಿದ ಬಾದಾಮಿಯ ಹಾಗೆ ಮಲಗಿತ್ತು. ನಾನು ಮೊಬೈಲು ತೆಗೆದು ಶುರು ಮಾಡಿದೆ.

"ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಅಂಗಿಗೆ ಒರೆಸಿ ಒತ್ತಿದ. "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ." ಊದಿ ಒತ್ತಿದ. ಅದೇ ಡೈಲಾಗು. ನನಗೆ ನಗು ತಡೆಯಲು ತುಟಿ ಕಚ್ಚಬೇಕಾಯಿತು.

ವಾಚ್‌ಮನ್ ಅಮೀನಸಾಬ ಸ್ಟೂಲಿನಿಂದ ಎದ್ದು ಬಂದ. "ತಲಿಗೆ ತಿಕ್ಕ್ರಿ ಮಾಲತೇಶ. ಕೂದಲಾಗಿನ ಎಣ್ಣಿ ಹತ್ತಿದ್ರ ಹಿಡಿತೈತಿ. ನಮ್ಮ ಮಂದಿ ಎಲ್ಲಾ ಹಂಗ ಮಾಡ್ತಾರ."

ಮಾಲತೇಶಣ್ಣನ ತಲೆಯ ಮೇಲೆ ಕೂದಲೆಲ್ಲಿತ್ತು? "ಶಂಭ್ಯಾ, ನಿನ್ನ ತಲಿ ಕೊಡಲೇ!" ಎಂದು ನನ್ನ ತಲೆ ಹಿಡಿದು ಗಸಗಸ ತಿಕ್ಕಿದ. ನನ್ನ ತಲೆಯಲ್ಲಿದ್ದದ್ದು ಎಣ್ಣೆಯಲ್ಲ, ಜೆಲ್ಲು. ಬೆರಳಿಗೆ ಅಂಟು ಹತ್ತಿತು. ಈ ಸಲ ಯಂತ್ರ ಕೆಂಪು ದೀಪ ಹೊತ್ತಿಸಿ ಸುಮ್ಮನಾಯಿತು.

ಗಾಜಿನ ಬಾಗಿಲಿನ ಒಳಗೆ ಗುತ್ತಿಗೆ ಕಂಪನಿಯ ಸೂಪರ್‌ವೈಜರ್ ಯಜ್ಞೇಶ್ವರ ಸರ್ ನಿಂತು ನೋಡುತ್ತಿದ್ದರು. ಅವರು ಬೈಯುವವರಲ್ಲ. ಎಷ್ಟು ಮೃದುವಾಗಿ ಮಾತಾಡುತ್ತಿದ್ದರೆಂದರೆ, ಕೇಳಿದವನಿಗೆ ಕೊರಳು ಕೊಯ್ದದ್ದು ಮನೆಗೆ ಹೋದ ಮೇಲೆ ಗೊತ್ತಾಗಬೇಕು.

"ಸರ್, ಹಸಿ ಆಗೈತ್ರಿ. ನಾ ಬಂದೇನಿ ನೋಡ್ರಿ ಸರ್, ಹತ್ತರ ಒಳಗ ಬಂದೇನಿ!"

"ನಾ ನೋಡ್ಲಿಕತ್ತೇನಲ್ರೀ ಮಾಲತೇಶ ಅವರ. ನಾ ನೋಡಿದ್ರ ಏನು ಉಪಯೋಗ? ಅದು ನೋಡಬೇಕು," ಎಂದು ಅವರು ಯಂತ್ರ ತೋರಿಸಿದರು. "ಇನ್ನೂ ಐದು ಮಿನಿಟು ಅದ. ಸಾವಕಾಶ ಒಣಗಿಸ್ಕೋರಿ."

ಆಗ ನನಗೆ ಐಡಿಯಾ ಹೊಳೆಯಿತು. ಒಳ್ಳೆಯದಕ್ಕೇ ಹೊಳೆದದ್ದು.

"ಅಣ್ಣಾ, ಸೈಲೆನ್ಸರ್ ಕಾದೈತಿ! ಹತ್ತರ ಹಿಡಿ, ಎರಡ ನಿಮಿಷದಾಗ ಒಣಗತೈತಿ."

ಅವನು ಓಡಿ ಬೈಕಿನ ಪಕ್ಕ ಕೂತ. ಮಳೆಯ ಹನಿ ಸೈಲೆನ್ಸರಿನ ಮೇಲೆ ಬಿದ್ದು ಚುಯ್ ಚುಯ್ ಅನ್ನುತ್ತಿತ್ತು. ಇಪ್ಪತ್ತು ಕಿಲೋಮೀಟರು ಥಂಡಿಯಲ್ಲಿ ಬಂದ ಬೆರಳು, ಮರಗಟ್ಟಿತ್ತು. ಅವನಿಗೆ ಬಿಸಿ ತಿಳಿಯುತ್ತಿರಲಿಲ್ಲ.

"ಇನ್ನಾ ಬಿಸಿ ಹತ್ತವಲ್ದಲೇ."

"ಇನ್ನೊಂಚೂರು ಹತ್ತರ ಹಿಡಿ." ನಾನು ಮೊಬೈಲಿನ ಪರದೆಯಲ್ಲಿ ನೋಡುತ್ತಿದ್ದೆ. ಫ್ರೇಮಿನಲ್ಲಿ ಬೆರಳಿಗೂ ಸೈಲೆನ್ಸರಿಗೂ ನಡುವೆ ಜಾಗ ಕಾಣುತ್ತಿತ್ತು. "ಇನ್ನೂ ಹತ್ತರ, ಅಣ್ಣಾ. ಇನ್ನೂ."

ಚುಯ್ ಎಂದಿತು. ಮಳೆಹನಿ ಅಂದುಕೊಂಡೆ. ಆಮೇಲೆ ವಾಸನೆ ಬಂತು.

ಅವನು ಕೂಗಲಿಲ್ಲ. ಬೆರಳು ಕಿತ್ತುಕೊಂಡು ನೋಡಿದ. ಹೆಬ್ಬೆಟ್ಟಿನ ಒತ್ತುವ ಭಾಗವೆಲ್ಲ ಬಿಳಿಯಾಗಿ, ನಮ್ಮ ಕಣ್ಣೆದುರಿಗೇ ಉಬ್ಬತೊಡಗಿತ್ತು. ಒಂದು ಚೂರು ಚರ್ಮ ಸೈಲೆನ್ಸರಿನ ಮೇಲೆಯೇ ಉಳಿದು ಕಪ್ಪಾಗುತ್ತಿತ್ತು. ಅದನ್ನು ನೋಡಿದ. ಎದ್ದು, ಓಡಿ, ಆ ಬೆರಳನ್ನೇ ಯಂತ್ರಕ್ಕೆ ಒತ್ತಿದ. ಆಗ ಕೂಗಿದ. ಯಂತ್ರ ಅವನ ಬೆರಳನ್ನು ಬೆರಳೆಂದೇ ಎಣಿಸಲಿಲ್ಲ, ಕೆಂಪು ದೀಪವೂ ಹೊತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ. ಅಮೀನಸಾಬ ಮುಖ ಆಚೆ ತಿರುಗಿಸಿದ.

ಹತ್ತು ಗಂಟೆ.

ಯಜ್ಞೇಶ್ವರ ಸರ್ ಬಾಗಿಲು ಅರ್ಧ ತೆರೆದರು. "ಭಾಳ ಕೆಟ್ಟ ಅನಸ್ತದ್ರಿ. ಬೆರಳಿಗೆ ಏನರೆ ಹಚ್ಕೋರಿ. ಪಗಾರ ನಿನ್ನೆತನಕಾ ಲೆಕ್ಕ ಮಾಡಿ ಕಳಸ್ತಾರ."

ಮಾಲತೇಶಣ್ಣ ಮೆಟ್ಟಿಲ ಮೇಲೆ ಕೂತ. ಕೆಳಗೆ ಬಿದ್ದಿದ್ದ ಟೊಪ್ಪಿಗೆಯನ್ನು ಎಡಗೈಯಿಂದ ಎತ್ತಿ ಬೆಳಕಿಗೆ ಹಿಡಿದ. ನಾಲ್ಕು ಚುಕ್ಕಿ ಬೆಳಕು ಅವನ ಕಣ್ಣಿಗೆ ಬಿತ್ತು. ಈಗ ನನ್ನ ಕಡೆ ತಿರುಗುತ್ತಾನೆ, ಈಗ ಹೊಡೆಯುತ್ತಾನೆ.

ಅವನು ಮೊಬೈಲು ತೆಗೆದು ಅವ್ವನಿಗೆ ಹಚ್ಚಿದ.

"ನೋಡಲಾರದ ಹಾಕಿಯೇನಬೇ? ತೂತ ಬಿದ್ದಾವ, ತೂತ! ಒಂದಲ್ಲ, ನಾಕು! ಕಣ್ಣು ಎಲ್ಲಿಟ್ಟಿದ್ದಿ? ಕಾಣೂದಿಲ್ಲ ಅಂದ್ರ ಕಾಣೂದಿಲ್ಲ ಅನ್ನಬೇಕು. ಕುಡ್ಡಿ ಕೈಯಾಗ ನನ್ನ ಜೀವನಾ ಕೊಟ್ಟೆನಲ್ಲ, ನನಗ ಬುದ್ಧಿ ಇಲ್ಲ!"

ಅವನ ಬಾಯಲ್ಲಿ ಅಂಥ ಮಾತು ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ಅವನು ಮೊಬೈಲನ್ನು ನನಗೆ ಚಾಚಿದ. "ನಿನ್ನ ಕೇಳಾಕತ್ಯಾಳ."

"ಶಂಭೂ," ಎಂದಳು ಶಿವಲಿಂಗವ್ವ. ದನಿ ಸಣ್ಣಗಾಗಿತ್ತು. "ನಾ ಬೆಳಕಿಗೆ ಹಿಡದು ನೋಡಿದ್ನೆಪಾ. ನಿನ್ನ ಕೈಯಾಗ ಕೊಟ್ಟೆಲ್ಲ, ನೀನೂ ನೋಡಿರಬೇಕು. ಖರೇ ಹೇಳು, ತೂತ ಇದ್ದವೇನು?"

ಎಷ್ಟೋ ಹೀರೋಗಳ ಡೈಲಾಗು ನನ್ನ ನಾಲಿಗೆ ಮೇಲೆ ಇವೆ. ಆ ಹೊತ್ತಿಗೆ ಬಂದದ್ದು ಒಂದೇ.

"ಇದ್ದವು ಚಿಗವ್ವಾ. ಸಣ್ಣವು. ನಿನಗ ಕಂಡಿರಲಿಕ್ಕಿಲ್ಲ."

"ಹೌದೇನು," ಎಂದಳು. "ಹಂಗಾರ ಎಡಗಣ್ಣಿಗೂ ಪೊರಿ ಬಂದೈತಿ." ಫೋನು ಇಟ್ಟಳು.

ಯಜ್ಞೇಶ್ವರ ಸರ್ ಇನ್ನೂ ಬಾಗಿಲಲ್ಲೇ ಇದ್ದರು. "ನೀವೇನು ಓದೀರಿ?" ಎಂದರು. ಕೇಳಿದ್ದು ನನ್ನನ್ನು.

"ಬಿಕಾಂ ರೀ. ಒಂದು ವಿಷಯ ಉಳದೈತ್ರಿ."

"ಸ್ಕ್ಯಾನ್ ಮಾಡ್ಲಿಕ್ಕೆ ಅಷ್ಟು ಭಾಳ ಆತು. ಇವತ್ತ ಮ್ಯಾಲಿನವರು ಬರಾವ್ರಿದ್ದಾರ, ಒಬ್ಬರು ಕಡಿಮಿ ಬಿದ್ದಾರ. ಆಧಾರ್ ಅದ? ಬೆರಳು ಒಣಗ್ಯಾವಿಲ್ಲೋ?"

ಬೆರಳು ನೋಡಿಕೊಂಡೆ. ದಾರಿಯುದ್ದಕ್ಕೂ ಅವನ ಜೇಬಿನಲ್ಲಿದ್ದವು. ಆಗಷ್ಟೇ ಹಂಚಿನಿಂದ ತೆಗೆದ ರೊಟ್ಟಿಯಂತೆ ಬೆಚ್ಚಗಿದ್ದವು. ಮಾಲತೇಶಣ್ಣನ ಮುಖ ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

"ಹೋಗಲೇ," ಎಂದ. "ಯಾವನೋ ಬರೂದಕ್ಕಿಂತ ನೀನ ಹೋಗು." ಹೆಲ್ಮೆಟ್ಟು ಎತ್ತಿಕೊಂಡ. ನಾಲ್ಕು ಹೆಜ್ಜೆ ಹೋಗಿ ನಿಂತ. "ಬೆರಳ ಸುಟ್ಟಿದ್ದು ಅವ್ವಗ ಹೇಳಬ್ಯಾಡ. ಆಕಿ ಅಳತಾಳ."

ಹೊಸಬನ ಹೆಸರು ಏರಿಸಲು ಮೂರು ನಿಮಿಷ ಹಿಡಿಯಿತು. ಹೆಬ್ಬೆಟ್ಟು ಇಟ್ಟೆ. ಯಂತ್ರದ ಹೆಂಗಸು ಒಂದೇ ಸಲಕ್ಕೆ, "ಧನ್ಯವಾದಗಳು" ಅಂದಳು. ಬಾಗಿಲು ತೆರೆದುಕೊಂಡಿತು. ಒಳಗೆ ಬೆಚ್ಚಗಿತ್ತು.

ಕಿಟಕಿಯಿಂದ ನೋಡಿದೆ. ಮಾಲತೇಶಣ್ಣ ಬೈಕು ಹತ್ತಿ ಹೊರಟಿದ್ದ. ಎಕ್ಸಲರೇಟರನ್ನು ನಾಲ್ಕೇ ಬೆರಳಿನಿಂದ ಹಿಡಿದಿದ್ದ; ಸುಟ್ಟ ಹೆಬ್ಬೆಟ್ಟನ್ನು ಎಲ್ಲಿಗೂ ತಾಗದ ಹಾಗೆ ನೆಟ್ಟಗೆ ಮೇಲಕ್ಕೆ ಎತ್ತಿದ್ದ. ಅದರ ಮೇಲೆ ಮಳೆ ಬೀಳುತ್ತಿತ್ತು. ಗೇಟಿನ ಹತ್ತಿರ ಎದುರಿಗೆ ಬಂದ ಆಟೋದವನು ಅದನ್ನು ನೋಡಿ, ನಕ್ಕು, ತಾನೂ ಹೆಬ್ಬೆಟ್ಟು ಎತ್ತಿ ತೋರಿಸಿದ.