ನಲವತ್ತೆರಡನೇ ಸೈಜಿನ ಹೊಟ್ಟೆ

ಹೊಟ್ಟೆಪಾಡಿಗಾಗಿ ಮೈಮುರಿದು ದುಡಿಯುವವರು ಎಲ್ಲ ಕಡೆಯೂ ಇದ್ದಾರೆ. ಹೊಟ್ಟೆಯನ್ನೇ ದುಡಿಯಲು ಬಿಟ್ಟು ತಾನು ಹಾಯಾಗಿ ನಿಂತಿರುತ್ತಿದ್ದವನು ಆ ಪ್ಯಾಂಟಿನ ಕಾರ್ಖಾನೆಯಲ್ಲಿ ಇವನೊಬ್ಬನೇ. ಅವನನ್ನು ಎಲ್ಲರೂ ನಲವತ್ತೆರಡು ಎಂದೇ ಕರೆಯುತ್ತಿದ್ದರು. ಅದು ವಯಸ್ಸಲ್ಲ, ಸೊಂಟದ ಸುತ್ತಳತೆ. ಹತ್ತೊಂಬತ್ತು ವರ್ಷಗಳಿಂದ ಆ ಸೈಜಿನ ಪ್ರತಿಯೊಂದು ಹೊಸ ಪ್ಯಾಂಟೂ ಮೊದಲು ಅವನ ಹೊಟ್ಟೆ ಏರಿ ಒಪ್ಪಿಗೆ ಪಡೆದು, ಆಮೇಲಷ್ಟೇ ಸಾವಿರಗಟ್ಟಲೆ ತಯಾರಾಗುತ್ತಿತ್ತು.

ಮೂರನೇ ಮಹಡಿಯ ಕಟಿಂಗ್ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಒಂದು ಮೋಟು ಸ್ಟೂಲಿನ ಮೇಲೆ ಅವನು ನಿಲ್ಲಬೇಕು. ಬಗ್ಗಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಏಳಬೇಕು. ಕಟಿಂಗ್ ಮಾಸ್ಟರಮ್ಮ ಅವನ ಹೊಕ್ಕುಳಿನಿಂದ ನೇರ ಕೆಳಕ್ಕೆ ಸೀಮೆಸುಣ್ಣದ ಗೆರೆ ಎಳೆದು ಜಿಪ್ಪಿನ ಜಾಗ ಗುರುತಿಸುತ್ತಿದ್ದಳು. ಆಮೇಲೆ ಅವನು ಕಣ್ಣು ಮುಚ್ಚಿ, "ಎಡಗಡೆ ಒಂದು ನೂಲು ಬಿಗಿ" ಎನ್ನುತ್ತಿದ್ದ. ಟೇಪು ಹಿಡಿದು ನೋಡಿದರೆ ಸರಿಯಾಗಿ ಒಂದು ನೂಲೇ, ಅಂದರೆ ಇಂಚಿನ ಎಂಟನೇ ಒಂದು ಭಾಗವೇ, ಇರುತ್ತಿತ್ತು.

ಮನೆಯಲ್ಲೂ ಆ ಹೊಟ್ಟೆಗೆ ಮರ್ಯಾದೆಯಿತ್ತು. ಭಾನುವಾರ ಊಟವಾದ ಮೇಲೆ ಅವನು ಸೋಫಾಕ್ಕೆ ಒರಗಿದರೆ, ಹೆಂಡತಿ ಪಕ್ಕದಲ್ಲಿ ಕೂತು ಟಿವಿ ನೋಡುತ್ತಾ ಅದರ ಮೇಲೆ ಒಂದು ಕೈ ಇಟ್ಟಿರುತ್ತಿದ್ದಳು. ಇಪ್ಪತ್ತಾರು ವರ್ಷಗಳ ಅಭ್ಯಾಸ. ಆ ಕೈಯ ಭಾರಕ್ಕೇ ಅವನಿಗೆ ನಿದ್ದೆ ಹತ್ತುತ್ತಿತ್ತು.

ಮರ್ಯಾದೆ ಕೊಡದವನು ಅವಳ ತಮ್ಮ. ಇವನು ಬಾಗಿಲು ತೆರೆದರೆ ಸಾಕು, "ಹೊಟ್ಟೆ ಬಂತು. ಭಾವನೂ ಹಿಂದೇನೇ ಬರ್ತಿರಬೇಕು, ಕಾಯೋಣ" ಎನ್ನುತ್ತಿದ್ದ. ಅಷ್ಟು ವರ್ಷ ಅದಕ್ಕೆ ನಕ್ಕಿದ್ದ ಇವನಿಗೆ ಒಂದು ದಿನ ಇದ್ದಕ್ಕಿದ್ದಂತೆ ಮೈ ಉರಿಯಿತು. ಮಾರನೆಯ ದಿನವೇ ಹೊಟ್ಟೆ ಕತ್ತರಿಸಿ ಚಪ್ಪಟೆ ಮಾಡುವ ಡಾಕ್ಟರನ್ನು ಹುಡುಕಿಕೊಂಡು ಹೋದ. ಹೆಂಡತಿ ಬೇಡವೆಂದಳು. ಬೇಡವೆಂದಷ್ಟೂ ಅವನಿಗೆ ಹಟ ಬಂತು.

ಸಹಿ ಹಾಕಬೇಕಾದ ಫಾರಂ ಎರಡು ಪುಟವಿತ್ತು. ಗಾಯ ಕೀವಾಗಬಹುದು, ನೀರು ತುಂಬಿಕೊಳ್ಳಬಹುದು, ರಕ್ತ ಹೆಪ್ಪುಗಟ್ಟಬಹುದು, ಅಪರೂಪಕ್ಕೆ ಜೀವವೇ ಹೋಗಬಹುದು. ಜೀವ ಹೋಗುವ ಸಾಲನ್ನು ಮೂರು ಸಲ ಓದಿ ಬೆವರಿದ. ಮುಂದಿನ ಸಾಲಿನಲ್ಲಿ, ಹೊಟ್ಟೆಯ ಕೆಳಭಾಗದಲ್ಲಿ ಸ್ಪರ್ಶ ತಿಳಿಯದೆ ಹೋಗಬಹುದು ಎಂದಿತ್ತು. ಸದ್ಯ, ಇದೊಂದಾದರೂ ಚಿಕ್ಕದಿದೆಯಲ್ಲ ಎಂದು ಸಮಾಧಾನಪಟ್ಟು ಸಹಿ ಹಾಕಿದ. ಹೊಟ್ಟೆಯ ಸ್ಪರ್ಶದಿಂದಲೇ ಸಂಬಳ ಎಣಿಸುವವನು ಇಡೀ ಊರಿನಲ್ಲಿ ತಾನೊಬ್ಬನೇ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಕಾರ್ಖಾನೆಗೆ ಹಲ್ಲುನೋವು ಎಂದು ಬರೆದು ಆರು ವಾರ ರಜೆ ತೆಗೆದುಕೊಂಡ. ಆಪರೇಷನ್ ಆಯಿತು. ಮೊದಲ ವಾರ ಗಾಯದ ನೀರು ಬಸಿಯಲು ಎರಡು ಕೊಳವೆ, ಎರಡು ಬಾಟಲಿ ನೇತುಹಾಕಿಕೊಂಡು ಓಡಾಡಿದ. ಮೂರು ವಾರ ನೆಟ್ಟಗೆ ನಿಲ್ಲಲಾಗಲಿಲ್ಲ. ನೆಲವನ್ನೇ ನೋಡುತ್ತಾ ನಡೆದದ್ದರಿಂದ ಮನೆಯಲ್ಲಿ ಕಳೆದುಹೋಗಿದ್ದ ಒಂದು ಕಿವಿಯೋಲೆ, ನಾಲ್ಕು ಗುಂಡಿ, ಒಂದು ಬೀಗದ ಕೈ ಸಿಕ್ಕವು. ಸೀನಬಾರದು, ಕೆಮ್ಮಬಾರದು, ನಗಬಾರದು ಎಂದು ಡಾಕ್ಟರು ಹೇಳಿದ್ದರು. ನೋಡಲು ಬಂದ ಭಾವಮೈದುನ ಏನೂ ತಮಾಷೆ ಮಾಡಬಾರದೆಂದು ಮುಖ ಗಂಟಿಕ್ಕಿಕೊಂಡು ಕೂತ. ಅವನ ಆ ಮುಖ ನೋಡಿಯೇ ಇವನಿಗೆ ನಗು ತಡೆಯಲಾಗದೆ ಒಂದು ಹೊಲಿಗೆ ಬಿಟ್ಟಿತು. ಅಕ್ಕ ತಮ್ಮನನ್ನು ಮೆಟ್ಟಿಲಿಳಿಸಿ ಬಾಗಿಲು ಹಾಕಿಕೊಂಡಳು.

ಕೆಲಸಕ್ಕೆ ಮರಳಿದ ದಿನ ಮಾಸ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಟ್ಟೆ ಎಲ್ಲಿ?" ಕತ್ತರಿ ಎಲ್ಲಿ ಎಂದು ಕೇಳಿದ ಹಾಗೆ ಕೇಳಿದಳು.

ಮ್ಯಾನೇಜರು ಕೋಣೆಗೆ ಕರೆಸಿದರು. "ಹಲ್ಲುನೋವು ಅಂದಿದ್ರಿ."

"ಹೌದು ಸಾರ್."

"ಹಲ್ಲಿನ ಜೊತೆ ಹೊಟ್ಟೆನೂ ಕಿತ್ರಾ?"

ಕೊನೆಗೆ ಟೇಪು ಸುತ್ತಿ ನೋಡಿ, ಸದ್ಯಕ್ಕೆ ಮೂವತ್ತಾರನೇ ಸೈಜಿಗೆ ನಿಲ್ಲಿಸೋಣ ಎಂದರು. ಅವನು ಸ್ಟೂಲು ಹತ್ತಿ, ಪ್ಯಾಂಟು ಏರಿಸಿ, ಗುಂಡಿ ಹಾಕಿ ಕಣ್ಣು ಮುಚ್ಚಿದ. ಏನೂ ತಿಳಿಯಲಿಲ್ಲ. ಸೊಂಟದ ಪಟ್ಟಿ ಬೇರೆ ಯಾರದೋ ಮೈಮೇಲೆ ಇದ್ದ ಹಾಗಿತ್ತು. ಆದರೂ "ಸರಿಯಿದೆ" ಎಂದ. ಎರಡನೆಯದಕ್ಕೂ ಸರಿಯಿದೆ, ಹತ್ತನೆಯದಕ್ಕೂ ಸರಿಯಿದೆ. ಮಾಸ್ಟರಮ್ಮನಿಗೆ ಬಲು ಖುಷಿಯಾಯಿತು. ವಾಡಿಕೆಯಂತೆ ಹೊಕ್ಕುಳಿನಿಂದ ಗೆರೆ ಎಳೆದಳು. ಹೊಕ್ಕುಳನ್ನು ಡಾಕ್ಟರು ಹೊಸದಾಗಿ ಕೂರಿಸುವಾಗ ಅದು ಒಂದು ಬೆರಳು ಬಲಕ್ಕೆ ಸರಿದಿದ್ದುದು ಯಾರ ಗಮನಕ್ಕೂ ಬರಲಿಲ್ಲ.

ತಿಂಗಳಲ್ಲಿ ಪ್ಯಾಂಟುಗಳು ವಾಪಸು ಬರತೊಡಗಿದವು. ಕೂತವರಿಗೆ ಉಸಿರು ಕಟ್ಟುತ್ತಿತ್ತು, ನಿಂತವರ ಪ್ಯಾಂಟು ಜಾರುತ್ತಿತ್ತು. ಎಲ್ಲರ ಜಿಪ್ಪೂ ಒಂದು ಬೆರಳು ಬಲಕ್ಕಿತ್ತು. ತಮ್ಮ ಸೊಂಟವೇ ಓರೆಯಾಗಿದೆ ಎಂದು ಹೆದರಿ ಕೆಲವರು ಮೂಳೆ ಡಾಕ್ಟರ ಬಳಿ ಹೋಗಿದ್ದರು. ಆ ಡಾಕ್ಟರೂ ಅದೇ ಪ್ಯಾಂಟು ತೊಟ್ಟಿದ್ದರಿಂದ, ಎಲ್ಲ ಸರಿಯಾಗಿಯೇ ಇದೆ ಎಂದು ಕಳಿಸಿದ್ದರು.

ಹೊಟ್ಟೆಗೆ ಏನೂ ತಿಳಿಯುತ್ತಿಲ್ಲವೆಂದು ಅವನು ಒಪ್ಪಿಕೊಳ್ಳಬೇಕಾಯಿತು. ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿದರು. "ಈ ವಾರದೊಳಗೆ ಸ್ಪರ್ಶ ತಗೊಂಡು ಬನ್ನಿ. ಇಲ್ಲಾಂದ್ರೆ ಬೇರೆ ಹೊಟ್ಟೆ ನೋಡ್ಕೋತೀವಿ."

ಅವನು ಡಾಕ್ಟರ ಬಳಿಗೆ ಓಡಿದ. "ಕೆಲವರಿಗೆ ಆರು ತಿಂಗಳಲ್ಲಿ ಬರುತ್ತೆ, ಕೆಲವರಿಗೆ ಬರೋದೇ ಇಲ್ಲ. ಫಾರಂನಲ್ಲಿತ್ತಲ್ಲ, ಓದಿಲ್ವಾ?" ಎಂದರು ಡಾಕ್ಟರು.

"ಓದಿದ್ದೆ. ಅದೊಂದನ್ನೇ ಖುಷಿಯಿಂದ ಓದಿದ್ದೆ" ಎಂದ.

ಆ ಸಂಜೆ ಮನೆಯಲ್ಲಿ ಒಂದು ಸ್ಯಾಂಪಲ್ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ನಿಂತ. ಚೂರೂ ತಿಳಿಯದೆ ಗಳಗಳನೆ ಅತ್ತ. ಹೆಂಡತಿ ಒಗೆದ ಬಟ್ಟೆ ಪಕ್ಕಕ್ಕಿಟ್ಟು ಬಂದು, ಸೊಂಟದ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ಒಂದು ಸುತ್ತು ಆಡಿಸಿದಳು.

"ಎಡಗಡೆ ಒಂದು ನೂಲು ಬಿಗಿ" ಎಂದಳು.

ಟೇಪು ತಂದು ನೋಡಿದ. ಒಂದು ನೂಲೇ.

"ನಿಂಗೆ ಹೇಗೆ ಗೊತ್ತಾಯ್ತು?"

"ಇಪ್ಪತ್ತಾರು ವರ್ಷ ಕೈ ಇಟ್ಟಿದ್ದು ಸುಮ್ನೇನಾ?"

ಮರುದಿನ ಅವಳೂ ಕಾರ್ಖಾನೆಗೆ ಹೋದಳು. ಮ್ಯಾನೇಜರು ಪರೀಕ್ಷೆ ಮಾಡಿ ನೋಡಿ, ಅವಳನ್ನು ಅಂದೇ ಕೆಲಸಕ್ಕೆ ಸೇರಿಸಿಕೊಂಡರು. ಮಾಸ್ಟರಮ್ಮ ಕಪಾಟಿನಿಂದ, ಹಿಂದೆಂದೋ ಅಳತೆಗೆಂದು ಮಾಡಿಟ್ಟಿದ್ದ ಅವನ ಹಳೆಯ ಹೊಟ್ಟೆಯ ಪ್ಲಾಸ್ಟರಿನ ಅಚ್ಚು ತೆಗೆದು, ಅದರಂತೆಯೇ ಒಂದು ಸ್ಪಂಜಿನ ಹೊಟ್ಟೆ ಮಾಡಿಸಿದಳು. ಬೆಳಿಗ್ಗೆ ಬಂದು ಅದನ್ನು ಕಟ್ಟಿಕೊಳ್ಳಬೇಕು, ಸಂಜೆ ಬಿಚ್ಚಿ ಸಹಿ ಹಾಕಿ ಒಪ್ಪಿಸಬೇಕು. ಹೊಟ್ಟೆ ಕಂಪನಿಯದು, ಕೈ ಹೆಂಡತಿಯದು, ನಿಲ್ಲುವುದಷ್ಟೇ ಅವನದು. ಭಾವಮೈದುನ ಕೂಡ ತಮಾಷೆ ಮಾಡುವುದನ್ನು ಬಿಟ್ಟುಬಿಟ್ಟ. ಅದರಿಂದಲೇ ಇವನಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಕೆಲಸ ಉಳಿಯಿತು. ಆದರೂ ಅವನು ದಿನ ಎಣಿಸುತ್ತಿದ್ದ. ಸ್ನಾನ ಮಾಡುವಾಗ ಹೊಟ್ಟೆ ಚಿವುಟಿಕೊಂಡು ನೋಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಪ್ಯಾಂಟಿನ ಬಿಗಿಯಲ್ಲ, ಭಾನುವಾರದ ಆ ಕೈಯ ಭಾರ.

ಆರು ತಿಂಗಳು ತುಂಬಿದ ಮೇಲಿನ ಭಾನುವಾರ ಊಟ ಮುಗಿಸಿ ಸೋಫಾಕ್ಕೆ ಒರಗಿದ. ಅವಳು ಬಂದು ಪಕ್ಕದಲ್ಲಿ ಕೂತದ್ದು ಗೊತ್ತಾಯಿತು. ಟಿವಿ ಹಾಕಿದ್ದೂ ಗೊತ್ತಾಯಿತು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಕಾದ.

"ಕೈ ಇಟ್ಟಿದ್ದೀಯಾ?"

"ಹ್ಞೂಂ, ಇಟ್ಟಿದ್ದೀನಿ."

ಅವನು ಒಂದು ಕಣ್ಣನ್ನು ತುಸುವೇ ತೆರೆದು ನೋಡಿದ. ಅವಳ ಎರಡೂ ಕೈಗಳು ಅವಳ ಮಡಿಲಲ್ಲೇ ಇದ್ದವು. ವಾರವಿಡೀ ಪಟ್ಟಿಗಳೊಳಗೆ ಆಡಿಸಿ ಆಡಿಸಿ ಬೆರಳುಗಳ ತುದಿ ಕೆಂಪಾಗಿ ಸುಲಿದಿತ್ತು. ಅವಳು ಟಿವಿ ನೋಡುತ್ತಿದ್ದಳು. ಅವನು ಮತ್ತೆ ಕಣ್ಣು ಮುಚ್ಚಿಕೊಂಡ.

"ಈಗ ಸ್ವಲ್ಪ ಸ್ವಲ್ಪ ಗೊತ್ತಾಗ್ತಿದೆ" ಎಂದ.